ಹೂಂಗುಟ್ಟುವ ಬಾವಿ

"ನಿನ್ನ ವೆಬ್‌ಸೈಟಿನಲ್ಲಿ ಹಸಿರು ಗುರುತು ಬಂತು ಕಣೆ. 'ಕೋರಿಕೆ ತಲುಪಿದೆ, ಧನ್ಯವಾದ' ಅಂತಲೂ ಬಂತು. ಬೆಳಿಗ್ಗೆಯಿಂದ ಕಾಯ್ತಿದೀನಿ, ಒಬ್ಬ ದಾನಿಯೂ ಫೋನ್ ಮಾಡಿಲ್ಲ," ಎಂದಳು ಅಕ್ಕ, ಆಸ್ಪತ್ರೆಯಿಂದ ಫೋನಿನಲ್ಲಿ. "ರಕ್ತ ಸಿಗೋ ತನಕ ನಿನ್ನ ಭಾವನ್ನ ಆಪರೇಶನ್‌ಗೆ ಕರ್ಕೊಳ್ಳಲ್ವಂತೆ."

"ತಾಳು, ನೋಡ್ತೀನಿ."

ರಕ್ತ ಬೇಕಾದವರನ್ನು ಕೊಡುವವರೊಂದಿಗೆ ಸೇರಿಸುವ ಆ ವೆಬ್‌ಸೈಟನ್ನು ಕಟ್ಟಿದವಳು ತಂಗಿಯೇ. ಬಂದ ಕೋರಿಕೆಗಳನ್ನು ತೆರೆದು ನೋಡಿದಳು. ಅಕ್ಕನದು ಇರಲಿಲ್ಲ. ನಿನ್ನೆ ಯಾರದೂ ಬಂದಿರಲಿಲ್ಲ, ಮೊನ್ನೆಯೂ. ಸದ್ಯ, ಈ ವಾರ ಯಾರಿಗೂ ರಕ್ತ ಬೇಕಾಗಿಲ್ಲ ಎಂದು ತಾನೇ ಖುಷಿಪಟ್ಟಿದ್ದು ನೆನಪಾಯಿತು.

ಹೋದ ವಾರ, ವೆಬ್‌ಸೈಟ್ ನಡೆಸುವ ಸಂಸ್ಥೆಯ ಯಜಮಾನರು ಅವಳ ಕುರ್ಚಿಯ ಹಿಂದೆ ನಿಂತು, "ಏನಮ್ಮ ಇದು, ಪುಟದ ತುಂಬ ದೋಷ, ದೋಷ ಅಂತ? ನೆಂಟರು ಬಂದಾಗ ಒಡೆದ ಮಡಕೆ ಎದುರಿಗಿಡ್ತಾರಾ?" ಎಂದು ನಕ್ಕಿದ್ದರು. ವೆಬ್‌ಸೈಟಿನ ಸೆಟ್ಟಿಂಗಿನಲ್ಲಿ, ದೋಷಗಳನ್ನು ತೋರಿಸಬೇಕೇ ಎಂಬಲ್ಲಿ ಅವಳು 'ಹೌದು' ತೆಗೆದು 'ಬೇಡ' ಹಾಕಿದ್ದಳು. ಪುಟ ತೊಳೆದ ಮುಖದಂತೆ ಚೊಕ್ಕಟವಾಗಿತ್ತು. ಆ ದೋಷಗಳನ್ನು ತನಗಾದರೂ ಕಾಣುವಂತೆ ಒಳಗೆಲ್ಲಾದರೂ ದಾಖಲಿಸುವ ಕೆಲಸ ನಾಳೆ, ನಾಳೆ ಎಂದು ಉಳಿದೇಹೋಗಿತ್ತು.

ಈಗ 'ಬೇಡ' ತೆಗೆದು ಮತ್ತೆ 'ಹೌದು' ಹಾಕಿದಳು. ಅಕ್ಕನ ಹೆಸರಿನಲ್ಲೇ ಇನ್ನೊಮ್ಮೆ ಕೋರಿಕೆ ಕಳಿಸಿದಳು. ಹಸಿರು ಗುರುತಿನ ನೆತ್ತಿಯ ಮೇಲೆ ಕೆಂಪು ಸಾಲೊಂದು ಮೂಡಿತು: ಕೋರಿಕೆ ಉಳಿಸಲು ಜಾಗವಿಲ್ಲ. ಕೋರಿಕೆ ಒಳಗೆ ಉಳಿಯಲಿ, ಬಿಡಲಿ, ಹಸಿರು ಗುರುತು ಮಾತ್ರ ಬರುತ್ತಲೇ ಇತ್ತು.

ಅಜ್ಜಿಯ ಕಥೆಯಲ್ಲೊಂದು ಬಾವಿಯಿತ್ತು. ಯಾರು ಏನು ಕೂಗಿದರೂ ಹೂಂ ಅನ್ನುತ್ತಿತ್ತು. ಕೂಗಿದವರು ನಂಬಿ ಮನೆಗೆ ಹೋಗುತ್ತಿದ್ದರು. ಈ ವಾರ ಎಷ್ಟು ಜನ ಕೂಗಿದ್ದರೋ. ಉಳಿಯದೇ ಹೋದ ಹೆಸರನ್ನು ಎಲ್ಲಿ ಹುಡುಕುವುದು?

ಭಾವನ ಗುಂಪಿನ ದಾನಿಗಳಿಗೆ ತಾನೇ ಒಬ್ಬೊಬ್ಬರಾಗಿ ಫೋನ್ ಮಾಡಿದಳು. ಕೊನೆಗೊಬ್ಬ ಬಸ್ ಡ್ರೈವರ್, "ಗಾಡಿ ಡಿಪೋದಲ್ಲಿ ಬಿಟ್ಟು ಸೀದಾ ಆಸ್ಪತ್ರೆಗೇ ಬರ್ತೀನಿ ಮೇಡಂ, ತಿಂಡಿಯೂ ತಿಂದಿದೀನಿ," ಎಂದ. ಸುದ್ದಿ ಕೇಳಿ ಅಕ್ಕ ಅತ್ತಳು. ಇವಳಿಗೆ ಅಳು ಬರಲಿಲ್ಲ.

"ಮತ್ತೆ ಕೆಂಪು ಯಾಕಮ್ಮ? ಮೊದಲು ಅದನ್ನ ಮುಚ್ಚು," ಎಂದರು ಯಜಮಾನರು, ಬಾಗಿಲಲ್ಲೇ ನಿಂತು.

"ಮುಚ್ಚಲ್ಲ ಸರ್."

ಅವರು ಬಾಯಿ ತೆರೆಯುವ ಮೊದಲೇ ಮೇಜಿನ ಫೋನು ಬಡಿದುಕೊಂಡಿತು. ಯಾರೋ ವಯಸ್ಸಾದ ಗಂಡಸು. ದನಿಯಲ್ಲಿ ಸಂಕೋಚ.

"ಮೊಮ್ಮಗಳಿಗೆ ರಕ್ತ ಬೇಕು ಅಂತ ಮೊನ್ನೆಯೇ ಬರೆದಿದ್ದೆ ತಾಯಿ, ಆಗ ಹಸಿರು ಬಂದಿತ್ತು. ಇವತ್ತು ಏನೋ ಕೆಂಪಗೆ ಬರ್ತಿದೆ. ನಾನೇನಾದ್ರೂ ತಪ್ಪು ಒತ್ತಿದ್ನಾ?"

"ನೀವಲ್ಲ," ಎಂದು ಕೈಗೆ ಸಿಕ್ಕಿದ ಪೆನ್ನೆಳೆದುಕೊಂಡಳು. "ಹೇಳಿ, ಯಾವ ಗುಂಪು?"

ಕಾಗದ ಹುಡುಕದೆ ಅಂಗೈ ಮೇಲೇ ಬರೆಯಹೋದಳು; ಬೆವೆತಿದ್ದರಿಂದ ಶಾಯಿ ಹತ್ತಲಿಲ್ಲ. ಲಂಗಕ್ಕೆ ಒರೆಸಿಕೊಂಡು, ಇನ್ನೊಮ್ಮೆ ಒತ್ತಿ ಬರೆದಳು.