ಅವರ ಮೇಜಿನ ಪೋರ್ಟ್

ನನ್ನ ಗಂಡ ನಟರಾಜು ತೀರಿಕೊಂಡ ಮೇಲೆ ಬಿಡದಿಯ ಕಾರ್ಖಾನೆಯವರು ಅವರ ಕೆಲಸವನ್ನು ನನಗೇ ಕೊಟ್ಟರು. ನಾನೂ ಎಲೆಕ್ಟ್ರಾನಿಕ್ಸ್ ಓದಿದವಳು. ಸರ್ವರ್ ಕೋಣೆಯಲ್ಲಿ ತಣ್ಣನೆಯ ಗಾಳಿ, ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್‌ನ ಹಸಿರು ದೀಪಗಳು. ಯಾರೂ ಮಾತಾಡಿಸುವುದಿಲ್ಲ. ಅಷ್ಟು ಸಾಕು.

ಅವರ ಕಂಪ್ಯೂಟರ್ ಹಳೆಯ ಹಾಲ್‌ನಲ್ಲಿ ವರ್ಷವಿಡೀ ಬಟ್ಟೆ ಹೊದ್ದು ಕುಳಿತಿತ್ತು. ಈ ವಾರ ಅದನ್ನು ಹೊಸ ಕಟ್ಟಡದ ನವ್ಯಶ್ರೀಗೆ ಕೊಟ್ಟರು. ಅಲ್ಲಿ ಅದಕ್ಕೆ ಸರ್ವರ್ ಸಿಗಲಿಲ್ಲ.

"ಎರಡು ಸಲ ಕೇಬಲ್ ಬದಲಾಯಿಸ್ದೆ ಮೇಡಂ," ಎಂದರು ಕೇಬಲ್ ಎಳೆಯುವ ತಾಜ್ ಪಾಷಾ. "ಇನ್ನು ತಾಯತ ಕಟ್ಟೋದೊಂದು ಬಾಕಿ."

"ಕಟ್ಟಿ ನೋಡಿ."

"ಮ್ಯಾನೇಜರ್ ಸಾಯೇಬ್ರು ಸಂಜೆಗಂಟ ಟೈಮ್ ಕೊಟ್ಟವ್ರೆ. ಆಗ್ನಿಲ್ಲ ಅಂದ್ರೆ ಗುಜರಿಗಂತೆ."

ನನಗೆ ಕಾರಣ ಗೊತ್ತಿತ್ತು. ಯಾವ ಕಂಪ್ಯೂಟರ್ ಯಾವ ಪೋರ್ಟಿನಾಚೆ, ಅಂದರೆ ಯಾವ ಕೇಬಲ್ ಕಿಂಡಿಯಾಚೆ, ಇದೆ ಎಂದು ಸ್ವಿಚ್ ತಾನೇ ಕಲಿಯುತ್ತದೆ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಮರೆಯುತ್ತದೆ. ತಾನು ಮರೆತ ಕಂಪ್ಯೂಟರಿಗೆ ಏನಾದರೂ ಬಂದರೆ ಎಲ್ಲ ಪೋರ್ಟಿಗೂ ಕಳಿಸಿ ಹುಡುಕುತ್ತದೆ. ನನ್ನವರಿಗೆ ಅದು ಹಿಡಿಸುತ್ತಿರಲಿಲ್ಲ. "ಒಬ್ಬನ್ನ ಕರೆಯಾಕೆ ಊರಿಗೆಲ್ಲ ಯಾಕೆ ತಮಟೆ?" ಎನ್ನುತ್ತಿದ್ದರು. ತಮ್ಮ ಕಂಪ್ಯೂಟರ್ ತಮ್ಮ ಮೇಜಿನ ಪೋರ್ಟಿನಲ್ಲೇ ಇದೆ ಎಂದು 2007ರಲ್ಲಿ ಸ್ವಿಚ್‌ನೊಳಗೆ ತಾವೇ ಒಂದು ಸಾಲು ಬರೆದಿದ್ದರು. ಹಾಗೆ ಬರೆದದ್ದನ್ನು ಸ್ವಿಚ್ ಮರೆಯುವುದಿಲ್ಲ. ನವ್ಯಶ್ರೀಗೆ ಹೋಗಬೇಕಾದದ್ದೆಲ್ಲ ಆ ಖಾಲಿ ಮೇಜಿನ ಕಡೆ ತಿರುಗಿ ಕಳೆದುಹೋಗುತ್ತಿತ್ತು.

ಒಂದು ಸಾಲು ಅಳಿಸಿದರೆ ಮುಗಿಯಿತು. ಆದರೆ ಅವರು ಇನ್ನೂ ಇಲ್ಲೇ ಇದ್ದಾರೆ ಎನ್ನುವುದು ಇಡೀ ಕಾರ್ಖಾನೆಯಲ್ಲಿ ಆ ಸಾಲೊಂದೇ. ಅಳಿಸದಿದ್ದರೆ ಅವರು ಮುಟ್ಟಿದ ಕಂಪ್ಯೂಟರ್ ಗುಜರಿಗೆ.

ಮಧ್ಯಾಹ್ನ ನವ್ಯಶ್ರೀ ಫೋನ್ ಮಾಡಿದಳು. ಹೊಸಬಳು, ಅದು ಯಾರದಾಗಿತ್ತೆಂದು ಅವಳಿಗೆ ತಿಳಿಯದು.

"ಅಕ್ಕ, ಈ ಕೀಬೋರ್ಡ್ ತುಂಬ ಕಡ್ಲೆಕಾಯಿ ಸಿಪ್ಪೆ ಐತೆ. ಯಾವ ಪುಣ್ಯಾತ್ಮ ಕೂತಿದ್ನೋ."

"ಒದರಿಬಿಡು," ಎಂದೆ. ಒದರುವ ಸದ್ದು ಫೋನಿನಲ್ಲಿ ಕೇಳಿಸಿತು.

ಬೈರಮಂಗಲದ ಬಸ್ಸಿಗೆ ಹೊರಡುವ ಮುಂಚೆ ಸಾಲನ್ನು ಅಳಿಸಿದೆ. ಸರ್ವರ್‌ನಿಂದ ಅವರ ಕಂಪ್ಯೂಟರಿನ ವಿಳಾಸಕ್ಕೆ ಒಂದು ಪ್ಯಾಕೆಟ್, ಪುಟ್ಟದೊಂದು ಕರೆ, ಕಳಿಸಿದೆ. ಅವರೆಲ್ಲಿದ್ದಾರೆಂದು ಸ್ವಿಚ್‌ಗೆ ಈಗ ತಿಳಿಯದು. ಹಸಿರು ದೀಪಗಳೆಲ್ಲ ಒಟ್ಟಿಗೆ ಮಿನುಗಿದವು. ಅವರ ಮೇಜಿನದು ಮಾತ್ರ ಹತ್ತಲಿಲ್ಲ. ಹೊಸ ಕಟ್ಟಡದ ಕಡೆಯಿಂದ ಉತ್ತರ ಬಂತು.

"ಬಂತು ಅಕ್ಕ," ನವ್ಯಶ್ರೀ ಮತ್ತೆ ಫೋನ್ ಮಾಡಿದಳು. "ಏನ್ ಮಾಡುದ್ರಿ?"

"ಎಲ್ಲರನ್ನೂ ಕೇಳಿ ನೋಡಿದೆ. ತಾಯತ ಬೇಡವಂತೆ ಅಂತ ಪಾಷಾ ಅವರಿಗೆ ಹೇಳು."