ಹದದ ತೊಟ್ಟಿಯ ನೀರು

ಬೇಸಿಗೆಯಲ್ಲಿ ಆ ಮನೆಯ ದಿನ ಶುರುವಾಗುತ್ತಿದ್ದುದೇ ಕೊಲೆಯಿಂದ. ಬಿಸಿಲು ಹಿತ್ತಲಿಗೆ ಇಳಿಯುವ ಮುಂಚೆ ಕಮ್ಮಾರ ಮತ್ತು ಅವನ ಒಂಬತ್ತು ವರ್ಷದ ಮಗಳು ಒಂದೊಂದು ಹಳೆಯ ಡಬ್ಬಿ ಹಿಡಿದು ಬದನೆ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಎಲೆ ಮಗುಚಿ ಹಸಿರು ಹುಳವನ್ನು ಎರಡು ಬೆರಳಲ್ಲಿ ಕಿತ್ತು ಉಪ್ಪುನೀರಿನ ಡಬ್ಬಿಗೆ ಹಾಕುವುದು. ಮೈತುಂಬಿಕೊಂಡದ್ದು ಸಿಕ್ಕರೆ ಕಲ್ಲಿನ ಮೇಲಿಟ್ಟು ಹೆಬ್ಬೆರಳಲ್ಲಿ ಹೊಸಕುವುದು.

"ಅಪ್ಪಾ, ನಂದು ಹದಿನೇಳು!"

"ಬಿಡೇ ಪುಟ್ಟಿ, ಎಣಿಸಿ ತೋರ್ಸು."

"ಸತ್ತೋರನ್ನ ಎಣಿಸ್ಬಾರ್ದಂತೆ. ಚಿಕ್ಕಪ್ಪ ಹೇಳಿದ್ರು."

"ನಿನ್ ಚಿಕ್ಕಪ್ಪಂಗೆ ಬದುಕಿರೋರನ್ನ ಎಣಿಸೋಕೂ ಬರಲ್ಲ."

ಅಡಿಗೆಮನೆಯ ಬಾಗಿಲಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಹೆಂಡತಿ ನಕ್ಕಳು. ಆ ನಗು ಕಿವಿಗೆ ಬಿದ್ದಾಗಲೆಲ್ಲ ಕಮ್ಮಾರ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದ. ಅದು ಮನೆಗೆ ಮರಳಿ ಬಂದು ಎರಡು ತಿಂಗಳೂ ಆಗಿರಲಿಲ್ಲ.

ಎರಡು ಬೇಸಿಗೆಗಳ ಹಿಂದೆ, ಅನ್ನ ಸೀದ ಕಾರಣಕ್ಕೆ, ಅವನು ಅವಳನ್ನು ಗೋಡೆಗೆ ಅಪ್ಪಳಿಸಿ ಹೆಗಲಿನ ಎಲುಬು ಮುರಿದಿದ್ದ. ಅದಕ್ಕೆ ಮುಂಚೆಯೂ ಕೈ ಎತ್ತಿದ್ದುಂಟು. ಎಲುಬು ಮುರಿದದ್ದು ಅದೇ ಮೊದಲು. ಅವಳು ಅತ್ತಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ಮಾತ್ರ, ಬಟ್ಟೆ ಒಣಹಾಕುತ್ತಾ, ನಾಳೆ ಮಳೆ ಬರಬಹುದು ಎನ್ನುವ ದನಿಯಲ್ಲಿ ಹೇಳಿದ್ದಳು: "ಇನ್ನೊಂದ್ಸಲ ಈ ಮನೇಲಿ ಯಾರ ಮೇಲಾದ್ರೂ ಸರಿ, ಕೈ ಎತ್ತಿದ್ರೆ ಅವತ್ತೇ ಮಗಳನ್ನ ಕರ್ಕೊಂಡು ಹೊರಡ್ತೀನಿ. ಜಗಳಾನೂ ಆಡಲ್ಲ."

ಹಿತ್ತಲು ಹುಟ್ಟಿದ್ದು ಆ ಮಾತಿನಿಂದ. ಸಂಜೆ ಕುಲುಮೆ ಆರಿಸಿ ಬಂದಮೇಲೆ ಮೈಯಲ್ಲಿ ಉಳಿಯುತ್ತಿದ್ದ ಕಾವನ್ನು ಎಲ್ಲಿ ಸುರಿಯಬೇಕೆಂದು ಗೊತ್ತಾಗದೆ ಅವನು ಗುದ್ದಲಿ ಹಿಡಿದಿದ್ದ. ಇಟ್ಟಿಗೆ ಚೂರು, ಗಾಜು, ತುಕ್ಕು ತಗಡು ತುಂಬಿದ್ದ ನೆಲವನ್ನು ಹಗೆ ತೀರಿಸಿಕೊಳ್ಳುವವನಂತೆ ಕಡಿದು ಹಾಕಿದ್ದ. ಮೊದಲ ವರ್ಷ ಬೆಂಡೆ ಬಿಟ್ಟು ಏನೂ ಬರಲಿಲ್ಲ. ಈ ವರ್ಷ ಹೀರೆ ಚಪ್ಪರ ತುಂಬಿ ಕೆಳಗೆ ಜೋತುಬಿದ್ದಿತ್ತು. ಟೊಮೆಟೊ ಗಿಡಗಳಿಗೆ ಗೂಟ ಸಾಲದೆ ಅವನು ಮನೆಯ ಹಳೆಯ ಕಿಟಕಿ ಸರಳುಗಳನ್ನೂ ಊರಿದ್ದ. ಮಧ್ಯಾಹ್ನ ಮೂವರೂ ಚಪ್ಪರದ ನೆರಳಲ್ಲಿ ಚಾಪೆ ಹಾಸಿಕೊಂಡು, ಉಪ್ಪು ಖಾರ ಸವರಿದ ಎಳೆ ಸೌತೆ ಕಡಿಯುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ನೀರಿಗೆ ಮಾತ್ರ ತತ್ವಾರ. ನಲ್ಲಿ ದಿನಕ್ಕೆ ಒಂದು ಗಂಟೆ ಬಂದರೆ ಹೆಚ್ಚು. ಹಾಗಾಗಿ ಕುಲುಮೆಯ ಪಕ್ಕದ ಕಲ್ಲುತೊಟ್ಟಿಯ ನೀರೂ ಗಿಡಕ್ಕೇ. ಕೆಂಪಗೆ ಕಾದ ಕುಡುಗೋಲು, ಮಚ್ಚುಗಳನ್ನು ಅದ್ದಿ ಹದ ಕೊಡುವ ತೊಟ್ಟಿ ಅದು. ನೀರು ಕಪ್ಪಗೆ, ಕಿಟ್ಟದ ವಾಸನೆ. ಕಬ್ಬಿಣ ಕುಡಿದ ನೀರು ಬಳ್ಳಿಗೆ ಬಲ ಎಂದು ಆ ಮನೆಯವರ ನಂಬಿಕೆ. ಎರಡು ದಿನಕ್ಕೊಮ್ಮೆ ಮಗಳು ಚಿಕ್ಕ ಬಕೆಟ್ಟಿನಲ್ಲಿ ಹೊತ್ತು ಬುಡಬುಡಕ್ಕೆ ಸುರಿಯುತ್ತಿದ್ದಳು.

ಒಂದು ಬೆಳಿಗ್ಗೆ ಡಬ್ಬಿ ಹಿಡಿದು ಹೊರಗೆ ಬಂದ ಕಮ್ಮಾರ ಅಲ್ಲೇ ನಿಂತ.

ಹೀರೆಯ ಎಲೆಗಳು ಬೆಂಕಿ ತಾಗಿದ ಕಾಗದದಂತೆ ಮುರುಟಿದ್ದವು. ಹಿಂದಿನ ದಿನ ಅಂಚು ಹಳದಿಯಾಗಿದ್ದನ್ನು ಕಂಡು ಬಿಸಿಲಿನ ಹೊಡೆತವೆಂದು ಸುಮ್ಮನಾಗಿದ್ದ. ಈಗ ಟೊಮೆಟೊ ಗಿಡಗಳು ಕುತ್ತಿಗೆ ಮುರಿದವರಂತೆ ತಲೆ ಚೆಲ್ಲಿದ್ದವು. ಒಂದೇ ಒಂದು ಸಾಲೂ ಉಳಿದಿರಲಿಲ್ಲ. ಹುಳವಿಲ್ಲ, ರೋಗದ ಚುಕ್ಕೆಯಿಲ್ಲ. ಬುಡ ಕಿತ್ತು ನೋಡಿದ. ಬೇರು ಬಿಳಿಯಾಗಿ ಚೆನ್ನಾಗಿಯೇ ಇತ್ತು.

ಅವನು ಟೊಮೆಟೊ ಸಾಲಿನ ಮರದ ಗೂಟವೊಂದನ್ನು ಕಿತ್ತು ಚಪ್ಪರದ ಕಂಬಕ್ಕೆ ಬೀಸಿದ. ಕಂಬ ವಾಲಿತು. ಇನ್ನೊಮ್ಮೆ ಬೀಸಿದ. ಬಳ್ಳಿ, ಕಾಯಿ, ತಂತಿ ಎಲ್ಲ ಧೊಪ್ಪೆಂದು ನೆಲಕ್ಕೆ ಬಿದ್ದವು. ಬಿದ್ದದ್ದನ್ನೂ ಬಿಡದೆ ಬಡಿದ. ಕಾಯಿಗಳು ಸೀಳಿ ಬೀಜ ಅವನ ಮುಖಕ್ಕೆ ಸಿಡಿಯಿತು.

"ರೀ," ಬಾಗಿಲಿಂದ ಹೆಂಡತಿ ಕೂಗಿದಳು. ಮಗಳನ್ನು ಬೆನ್ನಹಿಂದೆ ಸರಿಸಿಕೊಂಡಿದ್ದಳು. "ಗಿಡ ತಾನೇ? ಮತ್ತೆ ಬಿತ್ತೋಣ. ಅದನ್ನ ಕೆಳಗಿಡಿ."

ಅವನು ಏದುಸಿರು ಬಿಡುತ್ತಾ ನಿಂತ. ಇಡುವುದರಲ್ಲೇ ಇದ್ದ. ಕೈಯ ಹಿಡಿತ ಸಡಿಲವಾದದ್ದೂ ನಿಜ.

ಅಷ್ಟರಲ್ಲಿ ಹಿಂದಿನ ಬೀದಿಯಲ್ಲಿದ್ದ ತಮ್ಮ ಗದ್ದಲ ಕೇಳಿ ಹಿತ್ತಲ ಬಾಗಿಲು ತಳ್ಳಿಕೊಂಡು ಬಂದ. ಬೆನ್ನಿಗೆ ಪಂಪು ಕಟ್ಟಿಕೊಂಡು ಕಂಡವರ ಹೊಲಗಳಿಗೆ ಔಷಧಿ ಹೊಡೆಯುವುದು ಅವನ ಕಸುಬು. ಸತ್ತ ಸಾಲುಗಳನ್ನು ನೋಡಿದ. ಒಂದು ಎಲೆ ಹರಿದು ಮೂಸಿದ. ಅವನ ಮುಖದ ಬಣ್ಣ ಇಳಿಯಿತು.

"ಅಣ್ಣಾ... ಮೊನ್ನೆ ಮೊನ್ನೆ ತೊಟ್ಟಿ ನೀರು ಹಾಕಿದ್ರಾ ಇದಕ್ಕೆ?"

"ಯಾಕೆ?"

"ನಮ್ಮನೆ ನಲ್ಲೀಲಿ ನೀರಿರ್ಲಿಲ್ಲ. ಪಂಪು ತೊಳ್ಕೊಂಡು ಹೋಗಿದ್ದೆ ಅದ್ರಲ್ಲಿ. ಕಳೆ ಔಷಧೀದು. ಚೆಲ್ಬೇಕು ಅಂತಾನೇ ಇದ್ದೆ, ಅಷ್ಟರಲ್ಲಿ ಯಾರೋ ಕರೆದ್ರು ನೋಡು..." ಹೆದರಿದಾಗ ನಗುವುದು ಅವನಿಗೆ ಚಿಕ್ಕಂದಿನ ಚಾಳಿ. ಈಗಲೂ ನಕ್ಕ. "ಒಟ್ನಲ್ಲಿ ಔಷಧಿ ಅಸಲಿ ಅಂತ ಗೊತ್ತಾಯ್ತು ಬಿಡು."

ಮೊದಲ ಏಟಿಗೆ ಅವನು ಕೈ ಅಡ್ಡ ಹಿಡಿದ. ಮೊಣಕೈಯ ಕೆಳಗೆ ಹಸಿ ಕೊಂಬೆ ಮುರಿದ ಸದ್ದಾಯಿತು. ಎರಡನೆಯದು ಕಿವಿಯ ಮೇಲೆ ಬಿತ್ತು. ಟೊಮೆಟೊ ಗಿಡಗಳ ಮೇಲೆ ಮಗುಚಿಕೊಂಡವನ ಬೆನ್ನಿಗೆ, ಪಕ್ಕೆಗೆ, ತೊಡೆಗೆ, ಕಮ್ಮಾರ ಅಡಿಗಲ್ಲಿನ ಮೇಲಿನ ಕಬ್ಬಿಣಕ್ಕೆ ಸುತ್ತಿಗೆ ಹಾಕುವ ಲಯದಲ್ಲಿ, ಉಸಿರು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಬಡಿದ. "ಅಣ್ಣಾ, ಸಾಕಣ್ಣಾ" ಎಂಬ ಕೂಗು ಎಲ್ಲೋ ಬಾವಿಯ ತಳದಿಂದ ಬಂದಂತಿತ್ತು. ಕಿವಿಯಿಂದ ಇಳಿದ ರಕ್ತ ಒಡೆದ ಹಣ್ಣಿನ ರಸದಲ್ಲಿ ಬೆರೆಯಿತು.

"ಅಪ್ಪಾ! ಚಿಕ್ಕಪ್ಪ ಅಲ್ಲ! ನೀರು ಹಾಕಿದ್ದು ನಾನು!"

ಅವನು ಗೂಟದ ಸಮೇತ ತಿರುಗಿದ. ಬಾಗಿಲಿಂದ ಓಡಿಬಂದಿದ್ದ ಮಗಳು ಎರಡು ಮಾರು ದೂರದಲ್ಲಿದ್ದಳು. ಅವನು ತಿರುಗಿದ್ದೇ ತಡ, ತಟಕ್ಕನೆ ಕುಸಿದು, ಮೊಣಕಾಲಿಗೆ ಮುಖ ಒತ್ತಿ, ಎರಡೂ ತೋಳುಗಳನ್ನು ತಲೆಯ ಮೇಲೆ ಸುತ್ತಿಕೊಂಡಳು. ಅವಳಿಗೆ ಅವನು ಎಂದೂ ಒಂದು ಏಟು ಹಾಕಿದವನಲ್ಲ. ಆದರೂ ಅವಳು ಕೂತ ಬಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಅಡಿಗೆಮನೆಯ ಮೂಲೆಯಲ್ಲಿ ಹಾಗೆಯೇ ಕೂರುತ್ತಿದ್ದಳು.

ಗೂಟ ಕೈಯಿಂದ ಜಾರಿತು.

ಹೆಂಡತಿ ಯಾರನ್ನೂ ಬೈಯಲಿಲ್ಲ. ಮಗಳನ್ನು ಎಬ್ಬಿಸಿ ಒಳಗೆ ಕಳಿಸಿದಳು. ಮೈದುನನನ್ನು ಎಬ್ಬಿಸಿ ಕೂರಿಸಿ, ಮುರಿದ ಕೈಗೆ ಎರಡು ಕಡ್ಡಿ ಕೊಟ್ಟು ಹಳೆಯ ಸೀರೆಯಲ್ಲಿ ಬಿಗಿದು ಕಟ್ಟಿದಳು.

"ಅತ್ತಿಗೆ, ತಪ್ಪು ನಂದೇ," ತಮ್ಮ ನರಳಿದ. "ಅವನು ನಿಮ್ಮನ್ನೇನೂ ಮುಟ್ಟಿಲ್ವಲ್ಲ."

"ಅಲುಗಾಡ್ಬೇಡಪ್ಪ, ಗಂಟು ಬಿಚ್ಚುತ್ತೆ."

ಆಮೇಲೆ ಅವಳು ಒಳಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿದ್ದು ಹಿತ್ತಲಿಗೆ ಕೇಳಿಸಿತು. ಕಮ್ಮಾರ ಹೊಸ್ತಿಲವರೆಗೆ ಹೋದ. ದಾಟಲಿಲ್ಲ.

"ನಿನ್ನ ಮೇಲಾಗ್ಲಿ ಮಗು ಮೇಲಾಗ್ಲಿ ಕೈ ಎತ್ತಿಲ್ಲ ಕಣೇ," ಅಂದ.

ಅವಳು ಮಗಳ ಲಂಗ ಮಡಚುತ್ತಿದ್ದಳು. ಮಡಚಿ ಮುಗಿಸಿ ಚೀಲಕ್ಕಿಟ್ಟಳು. "ಯಾರ ಮೇಲಾದ್ರೂ ಅಂದಿದ್ದೆ," ಎಂದಷ್ಟೇ ಹೇಳಿ ಜಿಪ್ಪು ಎಳೆದಳು.

ಬಸ್ಸು ನಿಲ್ಲುವ ಜಾಗಕ್ಕೂ ಆಸ್ಪತ್ರೆಗೂ ಇದ್ದದ್ದು ಒಂದೇ ರಸ್ತೆ. ಮುಂದೆ ಚೀಲ ಹೊತ್ತ ಹೆಂಡತಿ, ಅವಳ ಸೆರಗು ಹಿಡಿದ ಮಗಳು. ಐವತ್ತು ಹೆಜ್ಜೆ ಹಿಂದೆ ಕುಂಟುವ ತಮ್ಮ ಮತ್ತು ಕಮ್ಮಾರ. ಅಂಗಡಿಗಳ ಮುಂದೆ ಕೂತವರು ಮಾತು ನಿಲ್ಲಿಸಿ ನೋಡಿದರು.

"ಓಡಿ ಹೋಗಿ ಕಾಲು ಹಿಡ್ಕೋ ಅಣ್ಣಾ."

"ಹಿಡಿದ್ರೆ ನಿಲ್ತಾಳಾ?"

ತಮ್ಮ ಮುರಿದ ಕೈಯನ್ನು ಎದೆಗೊತ್ತಿಕೊಂಡ. "ಇಲ್ಲ."

ಬಸ್ಸು ಬಂತು. ಅವಳು ಮೊದಲು ಮಗಳನ್ನು, ಆಮೇಲೆ ಚೀಲವನ್ನು ಹತ್ತಿಸಿ ತಾನೂ ಹತ್ತಿದಳು. ಕಿಟಕಿಯಲ್ಲಿ ಯಾರ ಮುಖವೂ ಕಾಣಲಿಲ್ಲ. ಬಸ್ಸು ಹೋದಮೇಲೂ ಅದು ಎಬ್ಬಿಸಿದ ಧೂಳು ಬಿಸಿಲಲ್ಲಿ ನಿಂತೇ ಇತ್ತು.

ಆಸ್ಪತ್ರೆಯ ಚೀಟಿ ಬರೆಯುವವನು ತಲೆ ಎತ್ತದೆ ಕೇಳಿದ, "ಹೇಗಾಯ್ತು?"

"ಚಪ್ಪರ ಕಟ್ತಾ ಇದ್ದೆ ಸಾರ್, ಬಿದ್ದೆ," ಎಂದ ತಮ್ಮ.

ಹೆಂಡತಿಯ ಹೆಗಲಿಗೆ ಪಟ್ಟಿ ಹಾಕಿಸಿದ ದಿನವೂ ಇದೇ ಕಿಟಕಿಯಲ್ಲಿ ಇದೇ ಪ್ರಶ್ನೆ. ಬಚ್ಚಲಲ್ಲಿ ಜಾರಿದೆ ಎಂದಿದ್ದಳು ಅವಳು. ಅವನು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದ.

"ಬಿದ್ದಿದ್ದಲ್ಲ," ಎಂದ ಕಮ್ಮಾರ. "ನಾನು ಹೊಡೆದದ್ದು."

"ಸುಮ್ನಿರೋ ಮಾರಾಯ," ತಮ್ಮ ಒಳ್ಳೆಯ ಕೈಯಿಂದ ಅವನ ಅಂಗಿ ಜಗ್ಗಿದ.

ಚೀಟಿ ಬರೆಯುವವನು ಈಗ ತಲೆ ಎತ್ತಿದ. "ಹಾಗಂದ್ರೆ ಸ್ಟೇಷನ್ನಿಗೆ ತಿಳಿಸ್ಬೇಕಾಗುತ್ತೆ, ಗೊತ್ತಲ್ಲ?"

"ತಿಳಿಸಿ."

"ಮನೇಲಿ ಇನ್ಯಾರಿದ್ದಾರೆ?"

ಕಮ್ಮಾರ ಬಾಗಿಲಾಚೆಯ ರಸ್ತೆಯತ್ತ ನೋಡಿದ.

"ಯಾರೂ ಇಲ್ಲ," ಎಂದ. ಚೀಟಿಯವನು ಬರೆದುಕೊಂಡ.