ರೈಲೇ ಬಾರದ ಊರು

ಹುಣಿಸೆಗುಂಟೆಯ ಪಟೇಲ ಪಿಳ್ಳಪ್ಪನಿಗೆ ಪ್ರಪಂಚದಲ್ಲಿ ಎರಡೇ ಆಸೆ. ಒಂದು, ಯುದ್ಧದ ಕಾಲದಲ್ಲಿ ಸರ್ಕಾರ ಕಿತ್ತುಕೊಂಡ ಕೆರೆ ಕೆಳಗಿನ ಗದ್ದೆ ವಾಪಸು ಬರಬೇಕು. ಇನ್ನೊಂದು, ಆ ಗದ್ದೆಯ ಮೇಲಿದ್ದ ರೈಲು ಕಂಬಿಗಳು ಯಾವತ್ತೂ ವಾಪಸು ಹೋಗಬಾರದು. ಎರಡೂ ಒಟ್ಟಿಗೆ ನಡೆಯುವ ಮಾತಲ್ಲ ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಪಟೇಲಿಕೆ ಮಾಡುವವರಿಗೆ ಇಂಥದ್ದೆಲ್ಲ ತಡವಾಗಿಯೇ ಹೊಳೆಯುತ್ತದೆ.

ಲೈನು ಹಾಕಿದ್ದು ನಲವತ್ತೆರಡರಲ್ಲಿ. ಕೃಷ್ಣರಾಜಪುರದ ಸ್ಟೇಷನ್ನಿನಿಂದ ಕವಲೊಡೆದು, ಹೊಲಗದ್ದೆ ಸೀಳಿಕೊಂಡು, ಊರಾಚೆ ಮಿಲಿಟರಿಯವರು ಬೇಲಿ ಸುತ್ತಿದ್ದ ಹುಲ್ಲಿನ ಡಿಪೋಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ದಂಡಿನ ಹೇಸರಗತ್ತೆಗಳಿಗೆ ಹುಲ್ಲು ಹೋಗುತ್ತಿತ್ತು. ಯುದ್ಧ ಮುಗಿಯಿತು, ಸೋಲ್ಜರುಗಳು ಹೋದರು, ಹೇಸರಗತ್ತೆಗಳೂ ಹೋದವು. ಲೈನನ್ನು ಕಿತ್ತುಕೊಂಡು ಹೋಗಬೇಕು ಎನ್ನುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಊರಿನವರಿಗೆ ನೆನಪಾಯಿತು. ಸರ್ಕಾರಿ ಸ್ವತ್ತನ್ನು ಕಾಯಬೇಕಾದವನು ಪಟೇಲ ತಾನೇ? ಪಿಳ್ಳಪ್ಪ ಕಾದ. ಒಳ್ಳೊಳ್ಳೆಯ ಕಂಬಿಗಳನ್ನು ಗಾಡಿಗೆ ಹೇರಿಸಿ, ಹಲಸೂರಿನ ಕಮ್ಮಾರನಿಂದ ತುಂಡು ಮಾಡಿಸಿ, ತನ್ನ ಹೊಸ ಮನೆಗೆ ತೊಲೆಯಾಗಿ ಹಾಕಿಸಿಕೊಂಡು ಕಾದ. ಕಂಬಿಯಡಿಯ ಸ್ಲೀಪರು ಮರ ಬಾಗಿಲವಾಡವಾಯಿತು. ಮಿಕ್ಕದ್ದನ್ನು ಮಿಕ್ಕವರು ಕಾದರು. ಜಲ್ಲಿ ಕೊಟ್ಟಿಗೆಯ ನೆಲಕ್ಕೆ ಹೋಯಿತು, ಏರಿಯ ಮಣ್ಣು ಇಟ್ಟಿಗೆ ಗೂಡಿಗೆ ಹೋಯಿತು, ಮುಳ್ಳುತಂತಿ ಹಿತ್ತಿಲ ಬದನೆ ಗಿಡಗಳಿಗೆ ಕಾವಲಾಯಿತು. ಎಲ್ಲವೂ ಹಾಡಹಗಲಲ್ಲೇ, ತೆಂಗಿನಕಾಯಿ ಒಡೆದು, ಒಳ್ಳೆಯ ವಾರ ನೋಡಿಯೇ ನಡೆಯಿತು.

ಇದರಲ್ಲಿ ಮೋಸ ಹೋದವನೆಂದರೆ ಪಿಳ್ಳಪ್ಪನ ದಾಯಾದಿ ತಮ್ಮ ಬೈಲಪ್ಪ ಒಬ್ಬನೇ. ಹೆಂಡತಿಯ ತವರಿಗೆ ಹೋಗಿದ್ದವನು ಉಂಡು ಮಲಗಿ ಸಾವಕಾಶವಾಗಿ ಬರುವಷ್ಟರಲ್ಲಿ ಎಲ್ಲ ಖಾಲಿ. ಯಾರಿಗೂ ಬೇಡವಾಗಿ ಬಿದ್ದಿದ್ದ ಎರಡು ಸೊಟ್ಟ ಕಂಬಿಗಳನ್ನು ಎಳೆದುಕೊಂಡು ಹೋಗಿ, ಕೆರೆಯ ಆಚೆ ದಂಡೆಯಲ್ಲಿದ್ದ ತನ್ನ ಬಂಡೆ ಹೊಲದ ಪಕ್ಕದ ಹಳ್ಳಕ್ಕೆ ಅಡ್ಡ ಹಾಕಿಕೊಂಡ. ಕಲ್ಲು ಒಡೆದು ಸಾಗಿಸಲು ಗಾಡಿ ದಾಟಬೇಕಿತ್ತು. ರೈಲು ಆ ದಿಕ್ಕಿಗೆ ತಲೆ ಹಾಕಿಯೂ ಮಲಗಿರಲಿಲ್ಲ. "ಬಂದ್ರಪ್ಪ ರೈಲ್ವೆ ಯಜಮಾನ್ರು" ಎಂದು ಪಿಳ್ಳಪ್ಪ ಅವನನ್ನು ಕಂಡಾಗಲೆಲ್ಲ ಆಡಿಕೊಂಡು ನಗುತ್ತಿದ್ದ.

ಗದ್ದೆ ಮಾತ್ರ ಬರಲಿಲ್ಲ. ಅದು ಇನ್ನೂ ಮಿಲಿಟರಿ ಹೆಸರಿನಲ್ಲೇ ಇತ್ತು. ಉಳಲು ಹೋದಾಗ ಕಂದಾಯದ ಶೇಕದಾರ ಬಂದು ನೇಗಿಲು ಬಿಚ್ಚಿಸಿದ್ದ. ಅಪ್ಪನ ಕಾಲದಿಂದ ಎರಡು ಬೆಳೆ ಕೊಟ್ಟ ನೆಲದಲ್ಲಿ ಎಕ್ಕದ ಗಿಡ ಬೆಳೆಯುವುದನ್ನು ನೋಡುವಾಗ ಪಿಳ್ಳಪ್ಪನ ಹೊಟ್ಟೆ ನಿಜವಾಗಿಯೂ ಉರಿಯುತ್ತಿತ್ತು. ವರ್ಷಾವರ್ಷ ಅರ್ಜಿ ಹಾಕುತ್ತಿದ್ದ.

ನಲವತ್ತೆಂಟರ ಅವರೆಕಾಯಿ ಕಾಲದಲ್ಲಿ ಸುದ್ದಿ ಬಂತು. ದಂಡಿನ ಕಡೆಯ ಸಾಹೇಬರೊಬ್ಬರು, ಅಳತೆ ಸರಪಳಿ ಹೊತ್ತ ಆಳಿನ ಜೊತೆ, ಕೃಷ್ಣರಾಜಪುರದಿಂದ ನಡೆದುಕೊಂಡೇ ಬರುತ್ತಿದ್ದಾರೆ. ರೈಲು ಎಲ್ಲಿ ಓಡುತ್ತಿತ್ತು ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದಾರೆ.

ಪಿಳ್ಳಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದ. ಊರಿನವರನ್ನೆಲ್ಲ ಅರಳಿಕಟ್ಟೆಗೆ ಕರೆದ.

"ಕಂಬಿ ಹುಡುಕ್ಕೊಂಡು ಬತ್ತಾವ್ರೆ. ಎಲ್ರೂ ಕಿವಿಗೊಟ್ಟು ಕೇಳಿ. ನಮ್ಮೂರಿಗೆ ರೈಲು ಬಂದೇ ಇಲ್ಲ. ಯಾರೂ ನೋಡಿಲ್ಲ, ಕೇಳಿಲ್ಲ. ತಿಳೀತಾ?"

"ಹಳ್ಳದ ಮೇಲೆ ಎರಡು ಅವೆಯಲ್ಲ ಅಣ್ಣ, ಅದಕ್ಕೇನ್ ಮಾಡ್ಲಿ?" ಎಂದ ಬೈಲಪ್ಪ.

"ಅಷ್ಟು ದೂರ ಯಾವನೋ ಬತ್ತಾನೆ? ಬಾಯಿ ಮುಚ್ಕೊಂಡಿರು."

ಮನೆಗೆ ಬಂದವನೇ ತೊಲೆಗಳಿಗೆಲ್ಲ ಸುಣ್ಣ ಬಳಿಸಿದ. ಈರುಳ್ಳಿ ಗೊಂಚಲು, ಬೀಜದ ಜೋಳ, ಹೆಂಡತಿ ಮುನಿಲಕ್ಷ್ಮಮ್ಮನ ಸೀರೆ, ಏನು ಸಿಕ್ಕಿತೋ ಅದನ್ನೆಲ್ಲ ನೇತುಹಾಕಿಸಿದ. ನಡುಮನೆಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡಬೇಕಾಯಿತು.

ಸರ್ವೆ ಸಾಹೇಬ ಕಲೀಮುಲ್ಲಾ ಶಿವಾಜಿನಗರದ ಸ್ಥೂಲ ಮನುಷ್ಯ. ಕೊಡೆ ಹಿಡಿದು, ಬೆವರು ಒರೆಸಿಕೊಳ್ಳುತ್ತ ಬಂದರು. ಬಂದ ಕಾರಣ ಹೇಳಲು ಪಾಪ ಅವರಿಗೆ ಯಾರೂ ಬಿಡಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧವಾಗಿರುತ್ತಿತ್ತು. ಮಗಳ ಊರಿಗೆ ತಿಂಗಳಿಗೊಮ್ಮೆ ಕೃಷ್ಣರಾಜಪುರದಿಂದ ರೈಲಿನಲ್ಲೇ ಹೋಗಿಬರುತ್ತಿದ್ದ ಮುದುಕಿ ವೆಂಕಟಮ್ಮ, "ರೈಲು ಅಂದ್ರೆ ಹೆಂಗಿರ್ತದೆ ಸಾಮಿ? ನಾಕು ಕಾಲು ಇರ್ತದಾ?" ಎಂದು ಅವರನ್ನೇ ಕೇಳಿದಳು. ಹೇಳಿಕೊಟ್ಟದ್ದಕ್ಕಿಂತ ಹೆಚ್ಚಾಯಿತು ಎಂದು ಪಿಳ್ಳಪ್ಪ ಕಣ್ಣು ಬಿಟ್ಟರೂ ಅವಳು ನಿಲ್ಲಿಸಲಿಲ್ಲ.

ಪಿಳ್ಳಪ್ಪ ತಾನೇ ಮುಂದೆ ನಿಂತು ಸಾಹೇಬರನ್ನು ಕೆರೆ ಕೆಳಕ್ಕೆ ಕರೆದುಕೊಂಡು ಹೋದ. ತನ್ನ ಗದ್ದೆಯ ನಟ್ಟನಡುವೆ, ಎಕ್ಕದ ಗಿಡಗಳ ಮಧ್ಯೆ ನಿಂತು ಹೇಳಿದ: "ನೋಡಿ ಸಾಹೇಬ್ರೆ, ಕಣ್ಣಾರೆ ನೋಡಿ. ಇಲ್ಲಿ ಕತ್ತೆ ಓಡಿರಬೋದು. ರೈಲು ಓಡಿಲ್ಲ. ಆ ಗಂಗಮ್ಮನಾಣೆ."

ಸಾಹೇಬರು ಆಣೆಯನ್ನು ಬರೆದುಕೊಂಡರು.

ಮಧ್ಯಾಹ್ನದ ಊಟ ಪಟೇಲನ ಮನೆಯಲ್ಲೇ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ಪಟೇಲಿಕೆಗೆ ಮರ್ಯಾದೆಯೇ? ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಸಾಹೇಬರು ಎರಡನೆಯ ಮುದ್ದೆ ಹಾಕಿಸಿಕೊಂಡು, ಮೇಲೆ ನೋಡಿ, "ಮನೆ ಭಾಳ ಗಟ್ಟಿಯಾಗಿ ಕಟ್ಸಿದ್ದೀರ ಪಟೇಲ್ರೆ" ಎಂದರು. ಪಿಳ್ಳಪ್ಪನಿಗೆ ಬಿಕ್ಕಳಿಕೆ ಬಂತು. ಮುನಿಲಕ್ಷ್ಮಮ್ಮ ಸಾರಿನ ಸೌಟು ಹಿಡಿದು ಅವರ ಕಣ್ಣಿಗೂ ತೊಲೆಗೂ ಮಧ್ಯೆ ಬಂದು ನಿಂತಳು.

"ಪಾಪ, ನಿಮ್ಮೂರಿಗೆ ಲೈನ್ ಬಂದಿದ್ರೆ ಚೆನ್ನಾಗಿರ್ತಿತ್ತು" ಎಂದರು ಸಾಹೇಬರು. "ಲೈನು ಯಾರ ಜಮೀನಿನ ಮೇಲೆ ಹೋಗಿತ್ತೋ ಅವರಿಗೆ ಜಮೀನು ವಾಪಸ್ ಅಂತ ಆರ್ಡರ್ ಆಗಿದೆ. ಹೋದ ವರ್ಷಗಳ ಬೆಳೆಗೂ ಪರಿಹಾರ. ಯುದ್ಧಕ್ಕೆ ಅಂತ ತಗೊಂಡಿದ್ದ ಮಿಕ್ಕ ಜಮೀನೆಲ್ಲ ಸರ್ಕಾರಕ್ಕೇ ಖಾಯಂ. ನಕ್ಷೆಗಳನ್ನ ಮಿಲಿಟರಿಯವರು ತಗೊಂಡು ವಿಲಾಯ್ತಿಗೆ ಹೋಗ್ಬಿಟ್ರು. ಅದಕ್ಕೇ ನಾನು ಗುರುತು ಹುಡುಕ್ತಾ ಬಿಸಿಲಲ್ಲಿ ಅಲೀತಾ ಇದ್ದೀನಿ."

ಪಿಳ್ಳಪ್ಪನ ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಎದ್ದುಹೋದ. ಹಿಂದೆಯೇ ಮುನಿಲಕ್ಷ್ಮಮ್ಮ ಬಂದಳು.

"ಹೇಳ್ಬಿಡಿ, ರೈಲು ಓಡಿದ್ದು ನಮ್ಮ ಗದ್ದೆ ಮೇಲೇ ಅಂತ."

"ಗುರುತು ತೋರ್ಸು ಅಂದ್ರೆ ಏನ್ ತೋರ್ಸಲೇ?"

"ತಲೆ ಎತ್ತಿ ನೋಡಿ ಅನ್ನಿ. ಗದ್ದೆ ಸಿಗ್ಲಿ, ಮನೆ ಹೋಗ್ಲಿ. ಆ ಗದ್ದೆ ಅನ್ನ ಉಂಡೇ ನಾನು ಈ ಮನೆ ಸೊಸೆಯಾದೋಳು."

ಹೆಣ್ಣಿಗಿದ್ದ ಧೈರ್ಯ ಪಟೇಲನಿಗೆ ಇರಲಿಲ್ಲ. ಒಳಗೆ ಬಂದು ಗಂಟಲು ಸರಿಮಾಡಿಕೊಂಡ. "ಸಾಹೇಬ್ರೆ, ಈಗ ಸ್ವಲ್ಪ ಸ್ವಲ್ಪ ನೆನಪಾಗ್ತಾ ಐತೆ. ಒಂದು ರೈಲು ಬಂದಂಗಿತ್ತು. ನಾನು ಅರ್ಜಿನೂ ಹಾಕಿದ್ದೆ."

"ಅರ್ಜಿ ಎಲ್ಲಾರೂ ಹಾಕ್ತಾರೆ. ರೈಲೇ ಬಾರದ ಊರಿನವ್ರೂ ಹಾಕ್ತಾರೆ. ಈಗ ತಾನೆ ದೇವರ ಮೇಲೆ ಆಣೆ ಮಾಡಿದ್ರಲ್ಲ?" ಸಾಹೇಬರು ಎಲೆ ಮಡಿಸಿದರು. "ಗುರುತು ತೋರ್ಸಿ, ಬರ್ಕೋತೀನಿ. ಕಂಬಿ ನೆಲದ ಮೇಲೆ ಇದ್ರೆ ಅದು ಗುರುತು. ಮನೆ ಒಳಗೆ ಇದ್ರೆ ಕಳ್ಳಮಾಲು. ಅದನ್ನ ಪೊಲೀಸ್ರಿಗೆ ಬರೀಬೇಕಾಗ್ತದೆ."

ಪಿಳ್ಳಪ್ಪ ಸಾಹೇಬರ ಮುಂದೆ ಎಲೆ ಅಡಿಕೆ ತಟ್ಟೆ ಸರಿಸಿದ. ಮುನಿಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡುತ್ತ ನಿಂತಳು.

ಊಟ ಅರಗಲಿ ಎಂದು ಸಾಹೇಬರು ಕೆರೆ ಏರಿಯ ಮೇಲೆ ಅಡ್ಡಾಡುತ್ತ ಆಚೆ ದಂಡೆಗೆ ಹೋದರು. ಹಿಂದೆ ಪಟೇಲ, ಅವನ ಹಿಂದೆ ಅರ್ಧ ಊರು. ಹಳ್ಳದ ಹತ್ತಿರ ಸಾಹೇಬರು ಗಕ್ಕನೆ ನಿಂತರು. ಎರಡು ಕಂಬಿಗಳು, ತುಕ್ಕು ಹಿಡಿದು, ನೀರಿಗೆ ಅಡ್ಡಲಾಗಿ ಮಲಗಿದ್ದವು.

"ಅರೆ! ಸಿಕ್ತಲ್ಲ! ಇದು ಸೇತುವೆ! ಯಾರದೀ ಜಮೀನು?"

ಬೈಲಪ್ಪ ಕೈ ಮುಗಿದುಕೊಂಡು ಮುಂದೆ ಬಂದ. "ನಂದೇ ಸಾಮಿ. ಕಂಬಿ ನಂದಲ್ಲ. ನಾನು ಬೆರಳಲ್ಲೂ ಮುಟ್ಟಿಲ್ಲ. ಮಿಲಿಟರಿಯೋರು ಹೆಂಗೆ ಬಿಟ್ಟು ಹೋದ್ರೋ ಹಂಗೇ ಐತೆ. ನನ್ನ ಮಕ್ಕಳಾಣೆ."

"ಶಾಭಾಷ್!" ಸಾಹೇಬರು ಅವನ ಬೆನ್ನು ತಟ್ಟಿದರು. "ಇಡೀ ಲೈನಿನಲ್ಲಿ ಸರ್ಕಾರಿ ಮಾಲು ಮುಟ್ಟದ ಮನುಷ್ಯ ನೀನೊಬ್ಬನೇ."

ಕೊಡೆಯ ನೆರಳಲ್ಲಿ ಕೂತು ಮಹಜರು ಬರೆದರು. ಲೈನು ಬೈಲಪ್ಪನ ಜಮೀನಿನ ಮೇಲೆ ಹಾದುಹೋಗಿತ್ತು. ಕೆರೆ ಕೆಳಗಿನ ಗದ್ದೆಗಳಿಗೂ ಲೈನಿಗೂ ಸಂಬಂಧವಿಲ್ಲ. ತನಗೆ ಏನು ಸಿಗುತ್ತಿದೆ ಎಂದು ಆಳಿನ ಬಾಯಿಂದ ತಿಳಿದ ಬೈಲಪ್ಪ ನಗಬೇಕೋ ಅಳಬೇಕೋ ತಿಳಿಯದೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಪಿಳ್ಳಪ್ಪನ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ.

"ತಕರಾರು ಏನಾದ್ರೂ ಇದ್ರೆ ಹೇಳಿ ಪಟೇಲ್ರೆ" ಎಂದರು ಸಾಹೇಬರು. "ನಿಮ್ಮ ಮನೇಲೇ ಕೂತು, ಒಂದೊಂದಾಗಿ ನೋಡಿ ಬರ್ಕೋತೀನಿ."

"ಏನೂ ಇಲ್ಲ ಸಾಹೇಬ್ರೆ."

"ಬೆಳೆ ಪರಿಹಾರಕ್ಕೆ ಪಟೇಲ್ರ ಸಾಕ್ಷಿ ಮಾತು ಬೇಕು. ಲೈನ್ ಬರೋಕ್ ಮುಂಚೆ ಏನ್ ಬೆಳೀತಿದ್ರು ಈ ಜಮೀನಲ್ಲಿ?"

ಎಲ್ಲರೂ ಹೊಲದ ಕಡೆ ನೋಡಿದರು. ಓತಿಕ್ಯಾತಕ್ಕೂ ನೆರಳು ಸಿಗದ ಬಂಡೆ ಅದು. ಪಿಳ್ಳಪ್ಪ ಮಾತ್ರ ಅದನ್ನು ನೋಡಲಿಲ್ಲ. ಅವನ ಕಣ್ಣು ಕೆರೆಯಾಚೆ, ಎಕ್ಕದ ಗಿಡ ತುಂಬಿದ ತನ್ನ ನೆಲದ ಮೇಲಿತ್ತು.

"ಭತ್ತ ಸಾಹೇಬ್ರೆ" ಎಂದ. "ಸಣ್ಣ ಭತ್ತ. ವರ್ಷಕ್ಕೆರಡು ಬೆಳೆ."

ಸಾಹೇಬರು ಹಾಗೆಯೇ ಬರೆದುಕೊಂಡು ಕಾಗದವನ್ನು ಅವನ ಮುಂದೆ ಇಟ್ಟರು. ಪಿಳ್ಳಪ್ಪ ರುಜು ಹಾಕಿದ.